ನಮಗೂ ಅದೇ ಜ್ವರ

ಕಳೆದ ವಾರ ಪುತ್ತೂರಿನಿಂದ ಬರುವಾಗ ಕಾಣಿಯೂರಿನ ಹತ್ತಿರ ನಮ್ಮ ಬಸ್ಸಿನ ಪಕ್ಕಕ್ಕೆ ಪಿಕಪ್ಪೊಂದು ಬಂದು ನಿಂತಿತು. ಅದರ ತುಂಬ ರಬ್ಬರ್ ಹಾಲಿನ ಡ್ರಮ್ಮುಗಳು. ಕಿಟಕಿಯಿಂದ ಹುಳಿ ವಾಸನೆ ಒಳಗೆ ನುಗ್ಗಿತು. ಪಕ್ಕದಲ್ಲಿದ್ದ ಹೆಂಗಸು ಸೆರಗಿನಿಂದ ಮೂಗು ಮುಚ್ಚಿಕೊಂಡು, "ಎಂತ ನಾತ ಮಾರಾಯ್ರೆ, ಇದರಲ್ಲಿ ಮನುಷ್ಯರು ಹೇಗೆ ಕೆಲಸ ಮಾಡುದೋ" ಎಂದರು. ನಾನು ಕಿಟಕಿಯನ್ನು ಇನ್ನೂ ಸ್ವಲ್ಪ ತೆರೆದೆ. ನನ್ನ ಅಮ್ಮನ ಸೀರೆಗೆ ಇದೇ ವಾಸನೆ ಇತ್ತು. ಸೋಪು ಎಷ್ಟು ಹಾಕಿದರೂ ಹೋಗುತ್ತಿರಲಿಲ್ಲ.

ಅಪ್ಪ ಅಮ್ಮ ಸಿಲೋನಿನ, ಅಂದರೆ ಶ್ರೀಲಂಕಾದ, ತೋಟಗಳಿಂದ ಹಡಗಿನಲ್ಲಿ ಬಂದ ತಮಿಳರು. ಸರ್ಕಾರ ಅವರನ್ನು ರಾಮೇಶ್ವರದಲ್ಲಿ ಇಳಿಸಿಕೊಂಡು, ಈ ಕಡೆ ಹೊಸದಾಗಿ ಎಬ್ಬಿಸುತ್ತಿದ್ದ ರಬ್ಬರ್ ತೋಟಕ್ಕೆ ಕಳುಹಿಸಿತು. ಸುಳ್ಯ, ಪುತ್ತೂರು, ಕಡಬದ ಕಾಡಂಚಿನಲ್ಲಿ ನಮ್ಮವರ ಕಾಲನಿಗಳು ಹೀಗೇ ಆದದ್ದು. ನಾನು ಹುಟ್ಟಿದ್ದು ಇಲ್ಲಿಯೇ, ಓದಿದ್ದು ಕನ್ನಡ ಶಾಲೆಯಲ್ಲಿ, ಇಪ್ಪತ್ತು ವರ್ಷ ಮಕ್ಕಳಿಗೆ ಕಲಿಸಿದ್ದು ಕಾಲನಿಯ ಅಂಗನವಾಡಿಯಲ್ಲಿ. ಆದರೂ ಪೇಟೆಯಲ್ಲಿ ನಾವು ಈಗಲೂ 'ಸಿಲೋನಿನವರು'. ಮನೆಯಲ್ಲಿ ನಮ್ಮದು ತಮಿಳು, ಅದಕ್ಕೆ ಅರ್ಧಕ್ಕರ್ಧ ತುಳು ಸೇರಿದೆ. ಇಲ್ಲಿ ಆ ಮಾತನ್ನೆಲ್ಲ ಕನ್ನಡ ಮಾಡಿ ಬರೆಯುತ್ತಿದ್ದೇನೆ.

ಆ ವಾಸನೆಯ ಜೊತೆ ನನಗೆ ನೆನಪಾದದ್ದು ಐದಾರು ವರ್ಷ ಹಿಂದಿನ ಒಂದು ಮಳೆಗಾಲ.

ಮೊದಲು ನಮ್ಮ ಮನೆಗಳ ಬಗ್ಗೆ ಹೇಳಬೇಕು. ನಾವು ಅದನ್ನು ಲೈನು ಎನ್ನುವುದು. ಒಂದೇ ಉದ್ದ ಮಾಡು, ಎಂದರೆ ಸೂರು, ಅದರ ಕೆಳಗೆ ಹತ್ತು ಮನೆ. ಮನೆ ಮನೆಗಳ ನಡುವಿನ ಗೋಡೆ ಮಾಡಿನವರೆಗೆ ಹೋಗುವುದಿಲ್ಲ, ಆಳೆತ್ತರ ದಾಟಿ ನಿಂತುಬಿಡುತ್ತದೆ. ಮೊದಲ ಮನೆಯಲ್ಲಿ ಮೆಣಸು ಹುರಿದರೆ ಹತ್ತನೆಯ ಮನೆಯವರು ಸೀನುತ್ತಾರೆ. ಹೀಗಿರುವಲ್ಲಿ ಬದುಕಬೇಕಾದರೆ ಕೆಲವನ್ನು ಕೇಳಿಸಿಕೊಳ್ಳದೆ ಇರಬೇಕು. ನಮ್ಮಲ್ಲಿ ಅದಕ್ಕೊಂದು ಕ್ರಮವೇ ಇತ್ತು. ಯಾವುದಾದರೂ ಮನೆಯಲ್ಲಿ ಗಂಡ ಹೆಂಡತಿಗೆ ಹೊಡೆಯಲು ಶುರು ಮಾಡಿದರೆ ಅಕ್ಕಪಕ್ಕದವರು ಟಿವಿಯ ಸದ್ದು ಏರಿಸುವುದು. ಅಮ್ಮನ ಕಾಲದಲ್ಲಿ ರೇಡಿಯೋ ಇತ್ತು. ಪೆಟ್ಟು ತಿನ್ನುವವಳ ಮರ್ಯಾದೆ ಉಳಿಸಲು ಹೀಗೆ ಮಾಡುವುದೆಂದು ನಾವು ನಂಬಿದ್ದೆವು. ಮರುದಿನ ನಳ್ಳಿಯ ಹತ್ತಿರ ಅವಳ ಮುಖ ನೋಡದೆ, "ಇವತ್ತು ನೀರು ಬೇಗ ಬಂತು" ಎಂದು ಮಾತು ತೆಗೆಯುತ್ತಿದ್ದೆವು.

ನನ್ನ ಪಕ್ಕದ ಮನೆ ಕನಕಳದು. ಸುಳ್ಯ ಕಡೆಯ ಕಾಲನಿಯಿಂದ ಮದುವೆಯಾಗಿ ಬಂದವಳು. ಗಂಡ ಲೋಗನಾಥ ತೋಟದ ಖಾಯಂ ಕೆಲಸಗಾರ, ಅವಳು ತಾತ್ಕಾಲಿಕ. ಹೈಸ್ಕೂಲಿಗೆ ಹೋಗುವ ಒಬ್ಬಳು ಮಗಳು. ಬೆಳಿಗ್ಗೆ ಐದಕ್ಕೆ ಕನಕ ರಬ್ಬರ್ ಮರದ ತೊಗಟೆ ಕೊಯ್ಯುವ ಟ್ಯಾಪಿಂಗ್ ಕತ್ತಿಯನ್ನು ಕಲ್ಲಿಗೆ ಮಸೆಯುವ ಸರ್ ಸರ್ ಸದ್ದು ಗೋಡೆಯ ಮೇಲಿನಿಂದ ಬರುತ್ತಿತ್ತು. ನಾನು ಎದ್ದು ಒಲೆ ಹೊತ್ತಿಸುತ್ತಿದ್ದದ್ದು ಆ ಸದ್ದಿಗೆ. ಸಂಜೆ ಬೇರೆ ಸದ್ದು ಬಂದಾಗ ರಿಮೋಟ್ ತೆಗೆದುಕೊಂಡು ಟಿವಿ ಏರಿಸುತ್ತಿದ್ದದ್ದೂ ನಾನೇ. ಇದನ್ನು ಮುಚ್ಚಿಟ್ಟು ಉಳಿದದ್ದನ್ನು ಬರೆದರೆ ಸುಳ್ಳಾಗುತ್ತದೆ.

ಆ ವರ್ಷ ಮರಗಳಿಗೆ ಮಳೆ ತಡೆಯುವ ಪ್ಲಾಸ್ಟಿಕ್ ಕಟ್ಟುವ ಕೆಲಸ ಮುಗಿಯುತ್ತಿದ್ದ ಹೊತ್ತಿಗೆ ಪುತ್ತೂರಿನ ಒಂದು ಮಹಿಳಾ ಸಂಘದಿಂದ ಝೊಹರಾ ಎಂಬವರು ಅಂಗನವಾಡಿಗೆ ಬಂದರು. ನನಗಿಂತ ತುಂಬ ಚಿಕ್ಕವರು, ಬ್ಯಾರಿ ಹುಡುಗಿ, ಒದ್ದೆ ಬುರ್ಖಾದ ಅಂಚನ್ನು ಹಿಂಡಿಕೊಂಡು ಜಗಲಿ ಹತ್ತಿದರು. ಹೆಂಗಸರ ಮೇಲಿನ ಹಿಂಸೆ ತಡೆಯುವ ಬಗ್ಗೆ ಕಾಲನಿಯಲ್ಲಿ ಒಂದು ಸಭೆ ಮಾಡಬೇಕಂತೆ. ನಾನು ಚೀಟಿ ಬರೆದು ಬಾಗಿಲಿಗೆ ಅಂಟಿಸಿದೆ. ಸಭೆಯ ದಿನ ಬಂದದ್ದು ಪಾಕ್ಯಂ ಪಾಟಿ ಒಬ್ಬರೇ, ಅದೂ ಮೊಟ್ಟೆ ಕೊಡುತ್ತಾರೆಂದು. ಪಾಟಿ ಹಡಗಿನಲ್ಲಿ ಬಂದವರಲ್ಲಿ ಉಳಿದಿರುವ ಕೆಲವರಲ್ಲಿ ಒಬ್ಬರು, ಇಡೀ ಲೈನಿಗೆ ಅಜ್ಜಿ. ಝೊಹರಾ ತಂದ ಪೋಸ್ಟರಿನಲ್ಲಿ ಕಣ್ಣು ಊದಿದ ಹೆಂಗಸಿನ ಚಿತ್ರವಿತ್ತು. ಪಾಟಿ ಅದನ್ನು ಹತ್ತಿರ ಹಿಡಿದು ನೋಡಿ, "ಇವಳ ಫೋಟೊ ಯಾಕೆ ತೆಗೆದದ್ದು? ಹೊಡೆದವನದ್ದು ತೆಗೀಲಿಕ್ಕೆ ಆಗ್ತಿರಲಿಲ್ವಾ?" ಎಂದರು. ಝೊಹರಾ ಪೋಸ್ಟರನ್ನು ಸುರುಳಿ ಸುತ್ತಿ ಬ್ಯಾಗಿಗೆ ಹಾಕಿದರು. ಮತ್ತೆ ಅದು ಹೊರಗೆ ಬರಲಿಲ್ಲ.

ಎರಡನೆಯ ಸಲ ನಾನು ಚೀಟಿ ಬರೆಯಲಿಲ್ಲ. ತಾಯಂದಿರ ಸಭೆ, ಪಾಯಸ ಉಂಟು ಎಂದೆ. ಹೆಂಗಸರೆಲ್ಲ ಬಂದರು. ಪಾಯಸ ಕುಡಿದರು. ಝೊಹರಾ ವಿಷಯ ತೆಗೆದ ಕೂಡಲೇ ಒಬ್ಬೊಬ್ಬರೂ ಲೋಟದ ತಳ ನೋಡತೊಡಗಿದರು. ನಮ್ಮಲ್ಲಿ ಅಂಥದ್ದು ಎಂತದೂ ಇಲ್ಲ ಎಂದು ಮೊದಲು ಹೇಳಿದವಳು ಕನಕಳೇ. ನನಗೆ ಅದರ ಕಾರಣ ಗೊತ್ತಿತ್ತು. ಪೇಟೆಯಲ್ಲಿ ಯಾರಾದರೂ ಕುಡಿದು ಬಿದ್ದಿದ್ದರೆ, ಸಿಲೋನಿನವನೇ ಇರಬೇಕು ಎನ್ನುತ್ತಾರೆ. ನಮ್ಮ ಮನೆಯ ಜಗಳವನ್ನು ಹೊರಗಿನವರ ಮುಂದೆ ಇಟ್ಟರೆ ಆ ಮಾತಿಗೆ ನಾವೇ ಸಾಕ್ಷಿ ಹೇಳಿದಂತೆ.

ಝೊಹರಾ ತಮ್ಮ ಲೋಟವನ್ನು ಬದಿಗಿಟ್ಟರು. ಆಮೇಲೆ, "ನಮ್ಮಲ್ಲಿಯೂ ಹೀಗೇ ಅಕ್ಕ. ನಮ್ಮ ಗಂಡಸರ ಬಗ್ಗೆ ಪೇಟೆಯವರು ಆಡುವ ಮಾತು ನಿಮಗೂ ಗೊತ್ತುಂಟು. ಅದಕ್ಕೆ ಹೆದರಿ ನನ್ನ ಅಕ್ಕ ಹನ್ನೊಂದು ವರ್ಷ ಬಾಯಿ ಬಿಡಲಿಲ್ಲ. ಪೇಟೆಯವರ ಮಾತು ಏನೂ ಕಡಿಮೆ ಆಗಲಿಲ್ಲ" ಎಂದರು. ಮತ್ತೆ ಮಾಡಿನ ಕಡೆ ನೋಡಿ ಕೇಳಿದರು, "ನಿಮ್ಮ ಗೋಡೆ ಮೇಲಿನವರೆಗೆ ಇಲ್ಲ ಅಲ್ವಾ? ಸದ್ದು ಬಂದರೆ ಎಂತ ಮಾಡುದು?"

ಪಾಟಿ, "ಎಂತ ಮಾಡುದು? ಟಿವಿ ದೊಡ್ಡದು ಮಾಡುದು" ಎಂದರು. ಎಲ್ಲರೂ ನಕ್ಕರು. ನಗು ಹೆಚ್ಚು ಹೊತ್ತು ನಿಲ್ಲಲಿಲ್ಲ. ಯಾರ ಮನೆಯ ಟಿವಿ ಯಾವಾಗ ಏರುತ್ತದೆ, ಯಾಕೆ ಏರುತ್ತದೆ ಎಂದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು.

ಆ ಸಂಜೆ ನಳ್ಳಿಯ ಹತ್ತಿರ ಕನಕ ಮೊದಲ ಸಲ ನನ್ನಲ್ಲಿ ಬಾಯಿಬಿಟ್ಟಳು. ಕೊಡ ತುಂಬಿ ಹರಿಯುತ್ತಿದ್ದರೂ ನೋಡಲಿಲ್ಲ. "ದೂರು ಕೊಡಿ ಅಂತ ಅವರು ಹೇಳುದು ಸರಿ ಟೀಚರ್. ಕೊಟ್ಟರೆ ಅವನ ಕೆಲಸ ಹೋಗ್ತದೆ. ಮನೆ ಅವನ ಕೆಲಸದ್ದು. ಕೆಲಸ ಹೋದರೆ ಕೀಲಿಕೈ ವಾಪಸ್ ಕೊಡ್ಬೇಕು. ನಾನು ಮಗಳನ್ನು ಕಟ್ಟಿಕೊಂಡು ಎಲ್ಲಿಗೆ ಹೋಗುದು? ನನಗೆ ಪೆಟ್ಟು ನಿಲ್ಲಬೇಕು. ಮನೆಯೂ ಬೇಕು."

ಇಷ್ಟೇ ಅವಳು ಕೇಳಿದ್ದು. ನಾನು ಝೊಹರಾಗೆ ಫೋನ್ ಮಾಡಿ ಹೇಳಿದೆ. ಅದಕ್ಕೆ ಕಾನೂನು ಉಂಟು, ಮನೆ ಗಂಡನ ಹೆಸರಿನಲ್ಲಿ ಇದ್ದರೂ ಹೆಂಡತಿಯನ್ನು ಹೊರಗೆ ಹಾಕುವ ಹಾಗಿಲ್ಲ, ಹೊಡೆಯಬಾರದು ಎಂದು ಆದೇಶವನ್ನೂ ಕೇಳಬಹುದು, ಕೆಲಸ ತೆಗೆಸಬೇಕೆಂದೇನೂ ಇಲ್ಲ ಎಂದು ಅವರು ವಿವರಿಸಿದರು. ಕನಕ ಎಲ್ಲ ಕೇಳಿ, ಆದೇಶ ಬರುವವರೆಗೆ ಪೆಟ್ಟು ಯಾರು ತಿನ್ನುವುದು ಎಂದಳು.

ಅದಕ್ಕೆ ಉತ್ತರ ನಾವೇ ಹುಡುಕಬೇಕಾಯಿತು. ಮುಂದಿನ ಸಭೆಯಲ್ಲಿ ಒಂದು ಮಾತು ನಿಶ್ಚಯವಾಯಿತು. ಇನ್ನು ಸದ್ದು ಬಂದರೆ ಟಿವಿ ಏರಿಸುವುದಲ್ಲ, ಬಂದ್ ಮಾಡುವುದು.

ಮಳೆ ಸ್ವಲ್ಪ ಬಿಟ್ಟಿದ್ದ ಒಂದು ಸಂಜೆ. ನಾನು ಬಸಳೆ ಸೋಸುತ್ತಾ ಧಾರಾವಾಹಿ ನೋಡುತ್ತಿದ್ದೆ. ಗೋಡೆಯಾಚೆ ಲೋಗನಾಥನ ಸ್ವರ ಏರಿತು. ಪಾತ್ರೆ ಬಿತ್ತು. ರಿಮೋಟ್ ನನ್ನ ಕೈಯಲ್ಲಿಯೇ ಇತ್ತು. ಇಷ್ಟು ವರ್ಷದ ಅಭ್ಯಾಸ, ಹೆಬ್ಬೆರಳು ಸದ್ದು ಏರಿಸುವ ಗುಂಡಿಗೇ ಹೋಯಿತು. ಅಲ್ಲಿಂದ ಎತ್ತಿ ಕೆಂಪು ಗುಂಡಿ ಒತ್ತಿದೆ. ಆಚೆ ಮನೆಯ ಟಿವಿ ನಿಂತಿತು. ಅದರಾಚೆಯದೂ ನಿಂತಿತು. ಒಂದೊಂದಾಗಿ ಇಡೀ ಲೈನು ಮೌನವಾಯಿತು. ಮಾಡಿನ ಅಂಚಿನಿಂದ ತೊಟ್ಟಿಕ್ಕುವ ನೀರು, ಅವನ ಬಯ್ಗುಳ, ಇವೆರಡೇ ಉಳಿದವು. ತನ್ನ ಸ್ವರ ತನಗೇ ಅಷ್ಟು ದೊಡ್ಡದಾಗಿ ಕೇಳಿದ್ದು ಅವನಿಗೆ ಅದೇ ಮೊದಲಿರಬೇಕು. ಜಗಲಿಗೆ ಬಂದ. "ಎಂತ, ಕರೆಂಟ್ ಹೋಯ್ತಾ?" ಎಂದ. ಅವನ ತಲೆಯ ಮೇಲೆಯೇ ಬಲ್ಬು ಉರಿಯುತ್ತಿತ್ತು.

ನಾವೆಲ್ಲ ನಮ್ಮ ನಮ್ಮ ಬಾಗಿಲಲ್ಲಿ ನಿಂತಿದ್ದೆವು. ಪಾಟಿ ವೀಳ್ಯದೆಲೆಗೆ ಸುಣ್ಣ ಹಚ್ಚುತ್ತಾ ಹೇಳಿದರು, "ಇಲ್ಲ ಮಾರಾಯ, ಕರೆಂಟ್ ಉಂಟು. ನೀನು ಹೇಳು. ನಾವು ಕೇಳ್ತಾ ಇದ್ದೇವೆ."

ಅವನು ಒಳಗೆ ಹೋದ. ಆ ದಿನ ಮತ್ತೆ ಸದ್ದು ಬರಲಿಲ್ಲ. ಆ ವಾರವೂ ಬರಲಿಲ್ಲ. ಬೇರೆ ಎರಡು ಮನೆಗಳಲ್ಲಿಯೂ ಸ್ವರ ತಗ್ಗಿತು. ಗಂಡಸರಿಗೆ ಸಿಟ್ಟು ಬಂತು. ಕಾಲನಿಯ ದೇವಿಯ ಗುಡಿ, ಅಂದರೆ ಕೋವಿಲಿನ ಕಮಿಟಿಯವರು ನನ್ನ ಗಂಡನನ್ನು ಕರೆಸಿ, ಟೀಚರಮ್ಮ ಹೊರಗಿನವರನ್ನು ತಂದು ಕಾಲನಿಯ ಮಾನ ಕಳೆಯುತ್ತಿದ್ದಾಳೆ, ಬುದ್ಧಿ ಹೇಳು ಎಂದರು. ನನ್ನ ಗಂಡ ಹೊಗೆಮನೆಯಲ್ಲಿ ರಬ್ಬರ್ ಶೀಟು ಒಣಗಿಸುವ ಕೆಲಸದವರು, ಮಾತು ಕಡಿಮೆ. ಮನೆಗೆ ಬಂದು ಕೈಕಾಲು ತೊಳೆದು ಊಟಕ್ಕೆ ಕುಳಿತು, "ನಿನಗೆ ಹೇಳ್ಬೇಕಂತೆ. ಹೇಳಿದೆ. ಚಟ್ನಿ ಉಂಟಾ?" ಎಂದರು.

ನಾವು ಗೆದ್ದೆವು ಎಂದುಕೊಂಡೆವು. ಅಲ್ಲಿಯೇ ತಪ್ಪಿದ್ದು.

ಆಟಿ ತಿಂಗಳು, ಎಂದರೆ ಆಷಾಢ. ನಾಲ್ಕು ದಿನ ಬಿಡದೆ ಮಳೆ ಹೊಡೆದು ಟ್ಯಾಪಿಂಗ್ ನಿಂತಿತ್ತು. ಮಾಡಿನ ಶೀಟಿನ ಮೇಲೆ ಮಳೆಯ ಸದ್ದು ಎಷ್ಟೆಂದರೆ ಎದುರು ಕುಳಿತವರ ಮಾತೂ ಕೇಳುತ್ತಿರಲಿಲ್ಲ. ಐದನೆಯ ದಿನ ಬೆಳಿಗ್ಗೆ ಆಕಾಶ ತೊಳೆದ ಹಾಗೆ ಆಯಿತು. ಇಂಥ ದಿನ ಕತ್ತಲೆ ಇರುವಾಗಲೇ ಎಲ್ಲ ಮನೆಗಳಲ್ಲಿ ಗಡಿಬಿಡಿ. ನಾನು ಎದ್ದು ಒಲೆ ಹೊತ್ತಿಸಿ ಚಹಾಕ್ಕೆ ನೀರಿಟ್ಟ ಮೇಲೆ ಏನೋ ಕಡಿಮೆಯಾಗಿದೆ ಅನ್ನಿಸಿತು. ಆಚೆ ಕತ್ತಿ ಮಸೆಯುವ ಸದ್ದು ಇಲ್ಲ. ಸ್ಟೂಲ್ ಹತ್ತಿ ಗೋಡೆಯ ಮೇಲಿನಿಂದ ನೋಡಿದೆ. ಅದುವರೆಗೆ ಯಾರ ಮನೆಗೂ ಹಾಗೆ ಇಣುಕಿದವಳಲ್ಲ. ಕನಕ ಚಾಪೆಯಲ್ಲಿ ಗೋಡೆಗೆ ಒರಗಿ ಕುಳಿತಿದ್ದಳು. ತುಟಿ ಒಡೆದಿತ್ತು. ಬಲಗೈಯನ್ನು ಮಡಿಲಲ್ಲಿ ಇಟ್ಟುಕೊಂಡಿದ್ದಳು, ಬೆರಳುಗಳು ಊದಿದ್ದವು. ಮಗಳು ಪಕ್ಕದಲ್ಲಿ ಕುಳಿತು ಬಟ್ಟೆ ಒದ್ದೆ ಮಾಡಿ ಇಡುತ್ತಿದ್ದಳು. ಹುಡುಗಿ ತಲೆಯೆತ್ತಿ ನನ್ನನ್ನು ನೋಡಿ, "ಅಪ್ಪ ಅಮ್ಮನ ಬಾಯಿಗೆ ಬಟ್ಟೆ ತುರುಕಿದ್ದ ಟೀಚರ್" ಎಂದಳು.

ನಾವು ಟಿವಿ ಬಂದ್ ಮಾಡಿ ಅವನಿಗೆ ಸದ್ದಿಲ್ಲದೆ ಹೊಡೆಯಲು ಕಲಿಸಿದ್ದೆವು. ಮಳೆ ಜೋರಾಗುವುದನ್ನು ಅವನು ಕಾದಿದ್ದ.

ಒಲೆ ಆರಿಸಿ ಪೆರಟ್ಟಿಗೆ ಹೋದೆ. ಪೆರಟ್ಟು ಎಂದರೆ ಬೆಳಿಗ್ಗೆ ಕೆಲಸಕ್ಕೆ ಮೊದಲು ಎಲ್ಲರೂ ಒಂದು ಕಡೆ ಸೇರಿ ಹೆಸರು ಹೇಳಿಸಿಕೊಳ್ಳುವುದು. ಸಿಲೋನಿನ ತೋಟಗಳಿಂದ ನಮ್ಮವರು ತಂದ ಶಬ್ದ ಇದು, ಈಗ ಇಲ್ಲಿಯ ಮೇಸ್ತ್ರಿಗಳೂ ಹಾಗೆಯೇ ಹೇಳುತ್ತಾರೆ. ಮೇಸ್ತ್ರಿ ಹಾಜರಿ ಪುಸ್ತಕ ನೋಡಿ ಹೆಸರು ಕರೆಯುತ್ತಾರೆ, ಇದ್ದವರು 'ಇದ್ದೇನೆ' ಎನ್ನಬೇಕು. ಯಾರಾದರೂ ತಡವಾದರೆ ಪಕ್ಕದವರು 'ಇದ್ದಾಳೆ, ಬರ್ತಾಳೆ' ಎಂದು ಹೇಳಿಬಿಡುವುದೂ ಅಲ್ಲಿಂದಲೇ ಬಂದ ಅಭ್ಯಾಸ. ಕನಕಳ ಪರವಾಗಿ ಎಷ್ಟೋ ಬೆಳಿಗ್ಗೆ ಯಾರೋ ಒಬ್ಬಳು ಹಾಗೆ ಹೇಳಿದ್ದುಂಟು. ಜ್ವರ, ಹೊಟ್ಟೆನೋವು, ಕಾಲು ಜಾರಿತು ಎಂದು ಹೇಳಿದ್ದೂ ಉಂಟು. ನಾನು ಪೆರಟ್ಟಿನ ಶೆಡ್ಡಿನ ಹೊರಗೆ ನಿಂತು ಇಬ್ಬರಿಗೆ ನೋಡಿದ್ದನ್ನು ಹೇಳಿದೆ. ಅವರು ಮತ್ತಿಬ್ಬರಿಗೆ ಹೇಳಿದರು. ಏನು ಮಾಡಬೇಕೆಂದು ನಾನೂ ಹೇಳಲಿಲ್ಲ, ಅವರೂ ಕೇಳಲಿಲ್ಲ.

ಮೇಸ್ತ್ರಿ ಚಿನ್ನಪ್ಪಣ್ಣ ಸುಳ್ಯದ ಗೌಡರು, ಕೆಟ್ಟವರಲ್ಲ. ಆ ದಿನ ಮಳೆ ಬಿಟ್ಟದ್ದು ಕಂಡು ಉತ್ಸಾಹದಲ್ಲಿದ್ದರು. ಬಿಸಿಲು ಏರುವ ಮೊದಲು ಮರ ಕೊಯ್ದರೆ ಮಾತ್ರ ಹಾಲು ಸರಿಯಾಗಿ ಬರುವುದು. ಹೆಸರುಗಳನ್ನು ಬೇಗ ಬೇಗ ಕರೆಯುತ್ತಾ ಕನಕಳ ಹೆಸರಿಗೆ ಬಂದರು.

"ಅವಳಿಗೆ ಜ್ವರ" ಎಂದ ಲೋಗನಾಥ, ಗಂಡಸರ ಸಾಲಿನಿಂದ.

ಚಿನ್ನಪ್ಪಣ್ಣ ಮುಂದಿನ ಹೆಸರು ಕರೆದರು. ಪುಷ್ಪಾ. ಎದುರಿಗೇ ನಿಂತಿದ್ದ ಪುಷ್ಪಾ ಬಾಯಿ ಬಿಡಲಿಲ್ಲ. ಇನ್ನೊಮ್ಮೆ ಕರೆದರು. ಇಲ್ಲ. ಅದರ ಮುಂದಿನ ಹೆಸರು. ಇಲ್ಲ. ಇನ್ನೂ ನಾಲ್ಕೈದು ಹೆಸರು ಕರೆದು ಕನ್ನಡಕ ತೆಗೆದರು.

"ಎಂತ ಇದು? ಕಣ್ಣೆದುರು ನಿಂತಿದ್ದೀರಿ, ಬಾಯಿ ಇಲ್ವಾ?"

ಪುಷ್ಪಾ ಕತ್ತಿಯನ್ನೂ ಬಕೆಟನ್ನೂ ನೆಲಕ್ಕಿಟ್ಟಳು. "ನಮಗೂ ಅದೇ ಜ್ವರ ಅಣ್ಣ" ಎಂದಳು.

ಉಳಿದವರೂ ಬಕೆಟ್ ಇಟ್ಟರು. ಒಂದಾದ ಮೇಲೆ ಒಂದರಂತೆ ತಗಡು ನೆಲಕ್ಕೆ ತಾಗುವ ಸದ್ದು ಶೆಡ್ಡಿನ ತುಂಬ ಆಯಿತು. ಚಿನ್ನಪ್ಪಣ್ಣನಿಗೆ ಅರ್ಥವಾಗಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಲೋಗನಾಥನನ್ನು ಒಮ್ಮೆ, ಏರುತ್ತಿರುವ ಬೆಳಕನ್ನು ಒಮ್ಮೆ ನೋಡಿದರು. ಮನೆಯೊಳಗಿನ ವಿಷಯವನ್ನು ಪೆರಟ್ಟಿಗೆ ತರಬೇಡಿ, ನಾಲ್ಕು ದಿನದ ಮೇಲೆ ಇವತ್ತು ಮಳೆ ಬಿಟ್ಟಿದೆ, ಮೇಲಿನವರಿಗೆ ನಾನು ಎಂತ ಹೇಳುದು ಎಂದು ಬೇಡಿಕೊಳ್ಳುವ ಹಾಗೆ ಹೇಳಿದರು. ಗಂಡಸರ ಸಾಲಿನಲ್ಲಿ ಯಾರೋ ನಕ್ಕರು, ಯಾರೋ ಸುಮ್ಮನಿರು ಎಂದರು.

ಪುಷ್ಪಾ ಸ್ವರ ಏರಿಸಲಿಲ್ಲ. "ಮನೆ ತೋಟದ್ದೇ ಅಲ್ವಾ ಅಣ್ಣ? ಕೆಲಸ ಹೋದರೆ ಮನೆ ಬಿಡಿ ಅಂತ ನೀವೇ ಹೇಳುದು. ಹಾಗಾದರೆ ಮನೆಯಲ್ಲಿ ಆದದ್ದು ಪೆರಟ್ಟಿಗೆ ಯಾಕೆ ಬರಬಾರದು? ಅವಳ ಹೆಸರು ಅವಳ ಬಾಯಿಯಿಂದ ಕೇಳಿ. ಆಮೇಲೆ ನಮ್ಮದು ಕರೀರಿ."

ಬಿಸಿಲು ಶೆಡ್ಡಿನ ಮೆಟ್ಟಿಲಿಗೆ ಬಂತು. ಒಬ್ಬ ಹೆಂಗಸೂ ಬಕೆಟ್ ಎತ್ತಲಿಲ್ಲ. ಕೊನೆಗೆ ಚಿನ್ನಪ್ಪಣ್ಣ ಹಾಜರಿ ಪುಸ್ತಕವನ್ನು ಕಂಕುಳಲ್ಲಿ ಇಟ್ಟುಕೊಂಡು ಲೈನಿನ ಕಡೆ ನಡೆದರು. ನಾವೆಲ್ಲ ಹಿಂದೆ. ಕನಕಳ ಬಾಗಿಲು ಅರ್ಧ ತೆರೆದಿತ್ತು. ಅವರು ಒಳಗೆ ಹೋಗಲಿಲ್ಲ. ಜಗಲಿಯಲ್ಲಿ ನಿಂತು ಪುಸ್ತಕ ಬಿಡಿಸಿ, ಪೆರಟ್ಟಿನಲ್ಲಿ ಕರೆಯುವ ಅದೇ ಸ್ವರದಲ್ಲಿ ಕರೆದರು, "ಕನಕಾ."

ಒಳಗಿನಿಂದ ಉತ್ತರ ಬರಲು ಸ್ವಲ್ಪ ಹೊತ್ತಾಯಿತು. ಒಡೆದ ತುಟಿಯಲ್ಲಿ ಶಬ್ದ ಸರಿಯಾಗಿ ಹೊರಡುತ್ತಿರಲಿಲ್ಲ.

"ಇದ್ದೇನೆ."

ಎದ್ದು ಬಾಗಿಲಿಗೆ ಬಂದಳು. ಚಿನ್ನಪ್ಪಣ್ಣ ಆ ಮುಖ ನೋಡಿದರು, ಊದಿದ ಬೆರಳು ನೋಡಿದರು. ಜೇಬಿನಿಂದ ಪೆನ್ನು ತೆಗೆದು, ಗೈರುಹಾಜರಿಯ ಕಾರಣ ಬರೆಯುವಲ್ಲಿ, ಗಂಡ ಹೊಡೆದು ಕೈಗೆ ಪೆಟ್ಟಾದ ಕಾರಣ ಕೆಲಸಕ್ಕೆ ಬರಲಿಲ್ಲ ಎಂದು ಬರೆದರು. ಬರೆದದ್ದನ್ನು ಎಲ್ಲರಿಗೂ ಕೇಳುವ ಹಾಗೆ ಓದಿದರು. ಆ ಪುಸ್ತಕದಲ್ಲಿ ಹಾಗೆ ಯಾರೂ ಅದುವರೆಗೆ ಬರೆದದ್ದಿರಲಿಲ್ಲ. ಅಲ್ಲಿ ಇದ್ದದ್ದೆಲ್ಲ ಜ್ವರಗಳೇ.

ಹೆಂಗಸರು ಶೆಡ್ಡಿಗೆ ವಾಪಸ್ ಹೋಗಿ ಬಕೆಟ್ ಎತ್ತಿಕೊಂಡರು. ಆ ದಿನ ಹಾಲು ಕಡಿಮೆ ಬಂತು. ನಾನು ಕನಕಳನ್ನು ಆಟೋದಲ್ಲಿ ಕಡಬದ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಎರಡು ಬೆರಳು ಮುರಿದಿದ್ದವು. ಸಂಜೆ ಝೊಹರಾ ಬಂದು ಆಸ್ಪತ್ರೆಯ ಚೀಟಿ ತೆಗೆದುಕೊಂಡರು, ಹಾಜರಿ ಪುಸ್ತಕದ ಆ ಪುಟದ ಪ್ರತಿ ಕೇಳಿದರು. ಆ ಸಾಲನ್ನು ಹೊಡೆದು ಹಾಕಿ ಜ್ವರ ಎಂದು ಮಾಡಿಬಿಡು ಎಂದು ಚಿನ್ನಪ್ಪಣ್ಣನಿಗೆ ಹೇಳಿದವರಿದ್ದರು. ಕನ್ನಡಕ ಇಲ್ಲದೆ ಬರೆದದ್ದಲ್ಲ, ನೋಡಿಯೇ ಬರೆದದ್ದು ಎಂದು ಅವರು ಉತ್ತರ ಕೊಟ್ಟರಂತೆ.

ಆಮೇಲಿನದ್ದು ಬೇಗ ಆಗಲಿಲ್ಲ. ಕನಕ ಅರ್ಜಿ ಕೊಟ್ಟ ಮೇಲೆ ಪುತ್ತೂರಿನ ಕೋರ್ಟಿಗೆ ಹೋಗಿ ಬಂದದ್ದಕ್ಕೆ ಲೆಕ್ಕವಿಲ್ಲ. ಪ್ರತಿ ಸಲ ಲೈನಿನ ಒಬ್ಬಳು ರಜೆ ಹಾಕಿ ಕನಕಳ ಜೊತೆ ಹೋಗುತ್ತಿದ್ದಳು, ಬುತ್ತಿಯಲ್ಲಿ ಇಡ್ಲಿ ಕಟ್ಟಿಕೊಂಡು. ಕೋವಿಲಿನ ಕಮಿಟಿಯವರು ಆ ವರ್ಷ ನಮ್ಮ ಮನೆಗೆ ಪ್ರಸಾದ ಕಳುಹಿಸಲಿಲ್ಲ. ಪಾಟಿ ತಮ್ಮ ಪಾಲನ್ನು ತಂದು ನನ್ನ ತಟ್ಟೆಗೆ ಹಾಕಿ, ದೇವಿಗೆ ಕಿವಿ ಉಂಟು, ಕಮಿಟಿಗೆ ಇಲ್ಲ ಎಂದರು. ಪೇಟೆಯಲ್ಲಿ, ಸಿಲೋನ್ ಹೆಂಗಸರು ಗಂಡಂದಿರನ್ನು ಕೋರ್ಟಿಗೆ ಎಳೆಯುತ್ತಾರಂತೆ ಎಂದು ಒಬ್ಬ ಅಂಗಡಿಯವ ಹಲ್ಲು ಕಿರಿದ. ಕನಕ ಎಡಗೈಯಲ್ಲಿ ಚೀಲ ಹಿಡಿದು, "ಹೌದು, ನಿಮ್ಮ ಮನೆಯವರಿಗೂ ದಾರಿ ಬೇಕಾದರೆ ಕಳ್ಸಿ, ನಾನು ತೋರಿಸ್ತೇನೆ" ಎಂದಳು. ಅವಳು ಅಷ್ಟು ದೊಡ್ಡ ಸ್ವರದಲ್ಲಿ ಮಾತಾಡಿದ್ದನ್ನು ನಾನು ಅಂದು ಮೊದಲು ಕೇಳಿದ್ದು.

ದೀಪಾವಳಿ ಕಳೆದ ಮೇಲೆ ಆದೇಶ ಬಂತು. ಲೋಗನಾಥ ಆ ಮನೆಗೆ ಕಾಲಿಡುವ ಹಾಗಿಲ್ಲ, ಕನಕ ಮತ್ತು ಮಗಳು ಅಲ್ಲಿಯೇ ಇರಬೇಕು. ಅವನು ಕೆಳಗಿನ ಲೈನಿನಲ್ಲಿ ತಮ್ಮನ ಮನೆಗೆ ಹೋದ. ಅವನ ಕೆಲಸ ಹೋಗಲಿಲ್ಲ, ಆದ್ದರಿಂದ ಮನೆಯೂ ಹೋಗಲಿಲ್ಲ. ಅವನು ಬದಲಾದನೋ ಇಲ್ಲವೋ ನನಗೆ ಗೊತ್ತಿಲ್ಲ. ಅದನ್ನು ನೋಡಿಕೊಳ್ಳುವುದು ನಮ್ಮ ಕೆಲಸ ಎಂದು ನಾವು ಯಾರೂ ತಿಳಿದಿಲ್ಲ.

ನನ್ನ ಗಂಡ ನಿವೃತ್ತಿಯಾದ ದಿನ ನಾವೂ ಕೀಲಿಕೈ ಕೊಟ್ಟೆವು. ಈಗ ಕಡಬದ ಹತ್ತಿರ ನಾಲ್ಕು ಸೆಂಟ್ಸ್ ಜಾಗದಲ್ಲಿ ನಮ್ಮದೇ ಮನೆ, ಗೋಡೆ ಮೇಲಿನವರೆಗೂ ಇದೆ. ಪಕ್ಕದ ಮನೆಯವರ ಟಿವಿಯೂ ಕೇಳುವುದಿಲ್ಲ, ಬೇರೆ ಏನೂ ಕೇಳುವುದಿಲ್ಲ. ಕೆಲವೊಮ್ಮೆ ಅದೇ ಹೆದರಿಕೆಯಾಗುತ್ತದೆ.

ಕಳೆದ ವಾರ ಆ ಪಿಕಪ್ಪಿನ ಹಿಂದೆ ಬಸ್ಸು ಹೊರಟಾಗ, ಕಡಬಕ್ಕೆ ಟಿಕೆಟ್ ತೆಗೆದಿದ್ದರೂ ಕಾಲನಿಯ ಸ್ಟಾಪಿನಲ್ಲಿ ಇಳಿದುಬಿಟ್ಟೆ. ಕನಕಳ ಮನೆಯಲ್ಲಿ ಉಳಿದೆ. ಮಗಳು ಕಡಬದಲ್ಲಿ ಕಾಲೇಜಿಗೆ ಹೋಗುತ್ತಿದ್ದಾಳೆ. ಬೆಳಿಗ್ಗೆ ಐದಕ್ಕೆ ಸರ್ ಸರ್ ಎಂದು ಕತ್ತಿ ಮಸೆಯುವ ಸದ್ದಿಗೆ ಎಚ್ಚರವಾಯಿತು. ಅವಳ ಎರಡು ಬೆರಳು ಸರಿಯಾಗಿ ಮಡಚುವುದಿಲ್ಲ, ಕತ್ತಿಯನ್ನು ಬೇರೆ ರೀತಿ ಹಿಡಿಯಲು ಕಲಿತಿದ್ದಾಳೆ. ಚಹಾ ಕುಡಿದು ಅವಳ ಜೊತೆ ಪೆರಟ್ಟಿಗೆ ಹೋದೆ.

ಚಿನ್ನಪ್ಪಣ್ಣ ನಿವೃತ್ತರಾಗಿದ್ದಾರೆ. ಹೊಸ ಮೇಸ್ತ್ರಿ ಎಳೆಯ ಪ್ರಾಯದವನು. ಶೆಡ್ಡಿನ ಗೋಡೆಗೆ ಬೆರಳು ಒತ್ತುವ ಯಂತ್ರ ಬಂದಿದೆ. ಗಂಡಸರು ಬೆರಳು ಒತ್ತಿ ಒತ್ತಿ ಹೋದರು. ಹೆಂಗಸರು ಸಾಲಾಗಿ ನಿಂತೇ ಇದ್ದರು. ಹೊಸಬ ನನ್ನನ್ನು ನೋಡಿ, "ನೋಡಿ ಟೀಚರ್, ಮೆಷಿನ್ ಬಂದು ಒಂದು ವರ್ಷ ಆಯ್ತು. ಇವರಿಗೆ ಹೆಸರು ಕರೆಯದೆ ಆಗುದೇ ಇಲ್ಲ" ಎಂದು ಗೊಣಗುತ್ತಾ ಹಳೆಯ ಪುಸ್ತಕ ತೆಗೆದ.

"ಮೆಷಿನ್‌ಗೆ ಮುಖ ಕಾಣುದಿಲ್ಲ ಸರ್. ಕರೀರಿ" ಎಂದಳು ಪುಷ್ಪಾ.

ಅವನು ಕರೆದ. ಒಬ್ಬೊಬ್ಬಳೂ ತಲೆಯೆತ್ತಿ ತನ್ನ ಬಾಯಿಂದಲೇ ಉತ್ತರ ಕೊಟ್ಟಳು. ಒಬ್ಬಳ ಹೆಸರಿಗೆ ಉತ್ತರ ಬರಲಿಲ್ಲ, ಹೊಸದಾಗಿ ಮದುವೆಯಾಗಿ ಬಂದ ಹುಡುಗಿಯಂತೆ. ಪಕ್ಕದವರು ಯಾರೂ 'ಬರ್ತಾಳೆ' ಎನ್ನಲಿಲ್ಲ. ಕನಕ ಬಕೆಟ್ಟನ್ನು ನೆಲಕ್ಕಿಟ್ಟಳು. ಅವಳ ಹಿಂದೆ ಒಂದೊಂದೇ ಬಕೆಟ್ ನೆಲಕ್ಕೆ ತಾಗಿತು. ಅಷ್ಟರಲ್ಲಿ ಆ ಹುಡುಗಿ ಕೂದಲು ಗಂಟು ಹಾಕಿಕೊಳ್ಳುತ್ತಾ ಏದುಸಿರಿನಲ್ಲಿ ಓಡಿ ಬಂದಳು. ನಿದ್ದೆ ಬಿಟ್ಟಿರಲಿಲ್ಲವಂತೆ. ಕನಕ ಅವಳ ಗಲ್ಲ ಹಿಡಿದು ಮುಖವನ್ನು ಬೆಳಕಿಗೆ ತಿರುಗಿಸಿ, ಆ ಕಡೆ ಈ ಕಡೆ ಸರಿಯಾಗಿ ನೋಡಿದಳು. ನೋಡಿ ಆದ ಮೇಲೆ ಮೇಸ್ತ್ರಿಯ ಕಡೆ ತಿರುಗಿದಳು.

"ಇನ್ನೊಮ್ಮೆ ಕರೀರಿ" ಎಂದಳು. "ಅವಳೇ ಹೇಳ್ತಾಳೆ."